ಹಂಸಿಯ ಮರಿ ಯಾರ ಮನೆ ಸೇರಿತು?

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ-ಗಿವ್ವ ಅಂತ ಕೂತಲ್ಲಿ ನಡುಗುವ ಹೆಂಗಸಲ್ಲ. ನಮ್ಮ ಓಣಿಯಲ್ಲಿ ಯಾರಿಗಾದರೂ ಗಾಳಿ ಸೋಕಿದೆ ಅಂದರೆ ಮೊದಲು ನಗುವವಳು ನಾನೇ. "ಗಂಗವ್ವನ ಬಾಯಿಗೆ ಹೆದರಿ ದೆವ್ವನ ಓಡಿ ಹೋಗ್ತಾವ" ಅಂತ ನಮ್ಮ ಮನೆಯವರು ಚಾಷ್ಟಿ ಮಾಡುತ್ತಾರೆ. ಅಂಥವಳು ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಬಹಳ ಕಡಿಮೆ... ಕಿವಿಗೆ ಬಿದ್ದದ್ದು, ಮೂಗಿಗೆ ಬಂದದ್ದು, ಕೈಗೆ ತಾಗಿದ್ದೇ ಹೆಚ್ಚು. ನಂಬಲೇಬೇಕು ಅಂತ ಒತ್ತಾಯವಿಲ್ಲ. ಆದರೆ ಆ ಹಗ್ಗ ಈಗಲೂ ನಮ್ಮ ಲಾಯದ ಗೂಟದಲ್ಲಿ ನೇತಾಡುತ್ತಿದೆ. ಬೇಕಾದವರು ಬಂದು ಮುಟ್ಟಿ ನೋಡಬಹುದು.

ನಮ್ಮ ಮನೆ ಅಮರಗೋಳದಲ್ಲಿ, ಮಾರ್ಕೆಟ್ ಯಾರ್ಡಿನ ಹಿಂದೆ. ಬೆಳಗಾದರೆ ಉಳ್ಳಾಗಡ್ಡಿ ವಾಸನೆ, ಮೆಣಸಿನಕಾಯಿ ಬರುವ ಕಾಲಕ್ಕೆ ಇಡೀ ಓಣಿಗೆ ಸೀನು. ಮದುವೆ ಮೆರವಣಿಗೆಗೆ ಕುದುರೆ ಒದಗಿಸುವುದು ನಮ್ಮ ಕಸುಬು. ನಮ್ಮ ಮಾವ, ಅಂದರೆ ಗಂಡನ ತಂದೆ ಯಲ್ಲಪ್ಪ, ವಯಸ್ಸಿನಲ್ಲಿ ಹುಬ್ಬಳ್ಳಿ ಸ್ಟೇಶನ್ ಮುಂದೆ ಟಾಂಗಾ ಹೊಡೆದವರು. ಆಟೋಗಳು ಹೆಚ್ಚಾಗಿ ಟಾಂಗಾ ಮೂಲೆ ಸೇರಿದ ಮೇಲೆ ಕುದುರೆಗೆ ಜರಿಯ ಜೂಲು ಹೊದಿಸಿ ಮದುಮಗನನ್ನು ಕೂರಿಸಿದರು. ಹೊಟ್ಟೆಪಾಡು ನಡೆಯಿತು.

ಹಂಸಿ ನಮ್ಮ ಬಿಳಿ ಕುದುರೆ. ಅವಳು ಮರಿಯಿದ್ದಾಗಿನಿಂದ ಮಾವನೇ ಸಾಕಿದ್ದರು. ಹಲಗೆ ಬಾರಿಸಿ ಬಾರಿಸಿ ಕುಣಿತ ಕಲಿಸಿದ್ದರು. ಹಲಗೆಯ ಪೆಟ್ಟು ಕಿವಿಗೆ ಬಿದ್ದರೆ ಸಾಕು, ತಿನ್ನುತ್ತಿರಲಿ ಮಲಗಿರಲಿ, ಎದ್ದು ನಿಂತು ಮುಂಗಾಲು ಎತ್ತುತ್ತಿದ್ದಳು. ಅವಳನ್ನು ನೋಡುತ್ತ ಮದುಮಗನನ್ನೇ ಮರೆತ ಮಂದಿ ಎಷ್ಟೋ. ನನಗೋ ಒಳಗೊಳಗೇ ಅವಳ ಮೇಲೆ ಹೊಟ್ಟೆಕಿಚ್ಚು. ಮಾವ ಊಟಕ್ಕೆ ಕೂತರೆ ರೊಟ್ಟಿಯ ಮೊದಲ ತುಂಡು ಅವಳಿಗೆ ಹೋಗುತ್ತಿತ್ತು, ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಅನ್ನುವ ಮಾತು ನನ್ನ ಪಾಲಿಗೆ ಬರುತ್ತಿತ್ತು.

ಹಂಸಿ ಗಬ್ಬಾದಾಗ ಮಾವ ಸಣ್ಣ ಹುಡುಗರಂತಾದರು. ಹುಟ್ಟುವ ಮರಿಗೆ ಅಂತ ಕೆಂಪು-ಬಿಳಿ ನೂಲಿನ ಹಗ್ಗ ಹೆಣೆಯಲು ಕೂತರು. ನಮ್ಮ ಕಸುಬಿನಲ್ಲಿ ಹಗ್ಗಕ್ಕೆ ಬಹಳ ಮರ್ಯಾದೆ. ಕುದುರೆ ಮಾರಿದರೂ ಹಗ್ಗ ಕೊಡುವುದಿಲ್ಲ. ಕೊಳ್ಳುವವನು ತನ್ನ ಹಗ್ಗ ತಾನೇ ತರಬೇಕು, ನಾವು ನಮ್ಮ ಹಗ್ಗ ಬಿಚ್ಚಿಕೊಂಡು ಮನೆಗೆ ಬರಬೇಕು. ಹಗ್ಗ ಬೇರೆಯವರ ಕೈ ಸೇರಿದರೆ ಲಾಯದ ಏಳಿಗೆಯೂ ಅದರ ಹಿಂದೆ ಹೋಗುತ್ತದೆ ಅಂತ ನಂಬಿಕೆ.

"ಇನ್ನೂ ಹುಟ್ಟೇ ಇಲ್ಲ, ಈಗ ಯಾಕ್ರಿ ಮಾವಾರ ಹಗ್ಗ?" ಅಂದೆ.

"ಹುಟ್ಟಿದ ಮ್ಯಾಲೆ ನನ್ನ ಕೈ ಎಲ್ಲಿ ಖಾಲಿ ಇರ್ತಾವ ಗಂಗವ್ವಾ? ಮರೀನ್ನ ಹಿಡಕೊಂಡ ಕುಂದ್ರತಾವ" ಅಂದರು.

ಹಂಸಿಗೆ ನೋವು ಬಂದ ರಾತ್ರಿ ನಮ್ಮ ಮನೆಯವರು ಇನ್ನೊಂದು ಕುದುರೆ ಹಿಡಿದುಕೊಂಡು ಶಿರಗುಪ್ಪಿಯ ಮದುವೆಗೆ ಹೋಗಿದ್ದರು. ನಾನು ಪಾತ್ರೆ ತಿಕ್ಕುತ್ತಿದ್ದೆ. ಲಾಯದಿಂದ ಮಾವ ಕೂಗಿದರು. ಓಡಿಹೋಗಿ ನೋಡಿದರೆ ಹಂಸಿ ಬೆವರಿನಲ್ಲಿ ತೊಯ್ದಿದ್ದಳು, ನೀರು ಒಡೆದಿತ್ತು. ಕುದುರೆ ಮರಿ ಹಾಕುವುದು ಎಮ್ಮೆಯಂತೆ ನಿಧಾನದ ಕೆಲಸವಲ್ಲ. ನೀರು ಒಡೆದ ಮೇಲೆ ನೋಡನೋಡುತ್ತಿದ್ದಂತೆ ಮರಿ ನೆಲಕ್ಕೆ ಬೀಳಬೇಕು. ಬೀಳಲಿಲ್ಲ. ಬಿಳಿ ಪೊರೆಯೊಳಗೆ ಒಂದು ಗೊರಸು ಕಂಡಿತು, ಮೂತಿ ಕಂಡಿತು... ಇನ್ನೊಂದು ಗೊರಸು ಕಾಣಲೇ ಇಲ್ಲ.

ಮಾವ ಕೈಗೆ ಎಣ್ಣೆ ಹಚ್ಚಿಕೊಂಡು ಒಳಗೆ ತಡವಿದರು.

"ಎಡಗಾಲ ಹಿಂದಕ ಮಡಚೇತಿ..." ಅಂದರು. ದನಿ ಸಣ್ಣಗಾಗಿತ್ತು.

ದನದ ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ಯಾವುದೋ ಹಳ್ಳಿಯಲ್ಲಿ ಇನ್ಯಾರದೋ ಎಮ್ಮೆಯ ಹತ್ತಿರ ಇದ್ದರು. "ಈಗ ಹೊಂಟೇನ್ರಿ ಅಕ್ಕಾರ. ನಾ ಬರೂತನಾ ಅದನ್ನ ಮಲಗಾಕ ಬಿಡಬ್ಯಾಡ್ರಿ. ಎಬ್ಬಿಸಿ ಅಡ್ಡಾಡಸ್ರಿ. ಮಲಗಿ ತಿಣಕಿದ್ರ ಮರಿ ಇನ್ನೂ ಸಿಕ್ಕೋತೈತಿ" ಅಂದರು.

ಎಬ್ಬಿಸುವುದು ಹೇಗೆ? ಹಂಸಿ ಅಡ್ಡಬಿದ್ದಿದ್ದಳು. ಜಗ್ಗಿದೆವು, ತಟ್ಟಿದೆವು, ಬೈದೆವು, ಬೆಲ್ಲ ತೋರಿಸಿದೆವು. ಕಣ್ಣು ಹೊರಳಿಸಿ ನೋಡಿದಳೇ ಹೊರತು ಏಳಲಿಲ್ಲ. ಕೊನೆಗೆ ಮಾವ ಹೋಗಿ ಗೋಡೆಗೆ ತೂಗುಹಾಕಿದ್ದ ಹಲಗೆ ತಂದರು.

ಆ ಸದ್ದು ಇವತ್ತಿಗೂ ನನ್ನ ಕಿವಿಯಿಂದ ಹೋಗಿಲ್ಲ. ಢಣಕ್ಕಣಕ... ಢಣಕ್ಕಣಕ... ಹಂಸಿ ಎದ್ದಳು. ನಡುಗುತ್ತ, ಹಿಂದೆ ಮರಿಯ ಒಂದು ಕಾಲು ಜೋತಾಡುತ್ತಿರುವಾಗ, ಎದ್ದು ನಿಂತಳು. ನಿಂತವಳು ಮುಂಗಾಲು ಎತ್ತಿದಳು. ಕುಣಿದಳು. ಪಾಪ, ಕಲಿಸಿದ್ದನ್ನು ಮಾಡಿದಳು. ಹಲಗೆ ನಿಂತರೆ ಅವಳು ಮೊಣಕಾಲು ಊರುತ್ತಿದ್ದಳು, ಅದಕ್ಕೆ ಮಾವ ನಿಲ್ಲಿಸುವಂತಿರಲಿಲ್ಲ. ಬಾರಿಸುತ್ತಲೇ ಇದ್ದರು, ಅಳುತ್ತಲೇ ಇದ್ದರು.

ಡಾಕ್ಟರ್ ಬಂದು, ಮಡಚಿದ ಕಾಲು ಸರಿಮಾಡಿ ಮರಿಯನ್ನು ಹೊರಗೆ ತೆಗೆದರು. ಕಂದು ಬಣ್ಣದ ಗಂಡು ಮರಿ, ಹಣೆಯ ಮೇಲೆ ಬಿಳಿ ಚುಕ್ಕೆ. ಕಣ್ಣಿನ ರೆಪ್ಪೆಗೂದಲು ಸಹ ಚೆನ್ನಾಗಿ ಮೂಡಿದ್ದವು. ಉಸಿರು ಮಾತ್ರ ಇರಲಿಲ್ಲ. ಮೂಗಿನೊಳಗೆ ಊದಿದರು, ಬಟ್ಟೆಯಿಂದ ಎದೆ ತಿಕ್ಕಿದರು, ಕೊನೆಗೆ ಕೈಬಿಟ್ಟರು.

"ಅಜ್ಜಾರ, ನೀವು ಎಬ್ಬಿಸಿ ನಿಲ್ಲಿಸಿದ್ದಕ್ಕ ತಾಯಿ ಉಳೀತು" ಅಂದರು. "ಮರಿ ಒಂದೀಟು ಇಲ್ಲೇ ಇರ್ಲಿ. ತಾಯಿ ಮೂಸಿ ನೋಡ್ಲಿ. ಸತ್ತೈತಿ ಅಂತ ಅಕೀಗೂ ತಿಳೀಬೇಕಲ್ಲ."

ಮಾವನ ಕೈಯಿಂದ ಅದು ಆಗಲಿಲ್ಲ. ಡಾಕ್ಟರ್ ಗಾಡಿ ಓಣಿ ದಾಟುವಷ್ಟರಲ್ಲಿ ಮರಿಯನ್ನು ಜರಿಯ ಜೂಲಿನಲ್ಲಿ ಸುತ್ತತೊಡಗಿದರು. ಹಂಸಿ ದಣಿದು ಕಣ್ಣು ಮುಚ್ಚಿ ಬಿದ್ದಿದ್ದಳು.

"ಮಾವಾರ, ಡಾಕ್ಟರ್ ಹೇಳ್ಯಾರಲ್ರಿ..." ಅಂದೆ.

"ಯಾವ ಮಾರಿ ಇಟಗೊಂಡು ತೋರಸ್ಲಿ ಗಂಗವ್ವಾ? ಹೊಟ್ಯಾಗ ಮರಿ ಸಾಯಾಕತ್ತಿತ್ತು, ನಾ ಅಕೀನ್ನ ಕುಣಿಸಿದೆ."

ಇಬ್ಬರೂ ಸೇರಿ ಕೈಗಾಡಿಗೆ ಹಾಕಿಕೊಂಡು ಹೋಗಿ ನಮ್ಮ ತುಂಡು ಹೊಲದ ಬದುವಿನಲ್ಲಿ ಹುಗಿದು ಬಂದೆವು. ತಾಯಿ ತನ್ನ ಮರಿಯ ಮುಖವನ್ನು ಒಮ್ಮೆಯೂ ನೋಡಲಿಲ್ಲ.

ಬೆಳಗಾಗುತ್ತಲೇ ಹಂಸಿ ಕರೆಯತೊಡಗಿದಳು. ಅವಳ ಪಾಲಿಗೆ ಮರಿ ಸತ್ತಿರಲಿಲ್ಲ, ಎಲ್ಲಿಗೋ ಹೋಗಿತ್ತು. ಹುಲ್ಲು ಕೆದರಿ ಮೂಸುವಳು, ಬಾಗಿಲು ಒದೆಯುವಳು, ಮತ್ತೆ ಕರೆಯುವಳು. ಕೆಚ್ಚಲು ಬಿಗಿದು ಕಲ್ಲಾಗಿತ್ತು. ಹಿಂಡಲು ಹೋದರೆ ನನಗೂ ಒದೆ, ನಮ್ಮ ಮನೆಯವರಿಗೂ ಒದೆ. ಮುಂದೆ ಇಟ್ಟ ಕಡಲೆ ಹಾಗೇ ಮುಗ್ಗುತ್ತಿತ್ತು. ಕೆಚ್ಚಲಿಗೆ ಬಾವು ಬಂದು ಜ್ವರ ಏರಿದರೆ ಉಳಿಯುವುದು ಕಷ್ಟ ಅಂತ ಡಾಕ್ಟರ್ ಹೇಳಿ ಹೋದರು.

ಅತ್ತ ಮಾವ ಲಾಯದಲ್ಲಿ ತಾವು ಮಲಗುತ್ತಿದ್ದ ಹೊರಸು ತಂದು ಬೀದಿ ಕಡೆಯ ಕಟ್ಟೆಗೆ ಹಾಕಿಕೊಂಡರು. ಲಾಯದ ಕಡೆ ತಲೆ ಹಾಕಲಿಲ್ಲ. ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಹಾಗೇ ಬಿಟ್ಟು ಏಳುತ್ತಿದ್ದರು. ಪಲ್ಯಕ್ಕೆ ಬೇಕೆಂತಲೇ ಉಪ್ಪು ಸುರಿದೆ, ಬೈಯಲಿ ಅಂತ. ಬೈಯಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು. ಲಾಯದಲ್ಲಿ ಒಂದು, ಕಟ್ಟೆಯ ಮೇಲೆ ಒಂದು, ಎರಡು ಜೀವ ನನ್ನ ಕಣ್ಣೆದುರು ಕರಗುತ್ತಿದ್ದವು.

ಹೀಗಿರುವಾಗ ಒಂದು ಬೆಳಗ್ಗೆ ನೋಡುತ್ತೇನೆ, ಹಂಸಿಯ ಕೆಚ್ಚಲು ಇಳಿದಿದೆ! ಮೆತ್ತಗಾಗಿದೆ, ಮೊಲೆತೊಟ್ಟು ಒದ್ದೆಯಾಗಿದೆ. ಅವಳು ತಲೆ ಬಗ್ಗಿಸಿ ಕಡಲೆ ತಿನ್ನುತ್ತಿದ್ದಳು.

"ರೀ, ನೀವು ಹಿಂಡಿದ್ರೇನು?" ಅಂತ ನಮ್ಮ ಮನೆಯವರನ್ನು ಕೇಳಿದೆ.

"ನಾ ಯಾಕ ಒದಿಸಿಕೊಳ್ಳಾಕ ಹೋಗ್ಲಿ? ಯಾರೋ ಕಳ್ಳರು ಹಿಂಡಕೊಂಡ ಹೋಗಿರಬೇಕ."

"ಕುದುರಿ ಹಾಲು ಯಾರ ಚಹಾಕ್ಕ ಬೇಕ್ರಿ?"

ಇಬ್ಬರೂ ನಕ್ಕೆವು. ನಗುತ್ತಲೇ ನಾನು ಕೆಳಗೆ ನೋಡಿದೆ. ಹಂಸಿಯ ಎಡಮಗ್ಗುಲಿನ ಹುಲ್ಲು ಒಂದು ಕಡೆ ಒತ್ತಿಹೋಗಿತ್ತು, ಏನೋ ಸಣ್ಣದು ಮುದುಡಿಕೊಂಡು ಮಲಗಿ ಎದ್ದ ಹಾಗೆ. ಕೈ ಇಟ್ಟೆ... ಬೆಚ್ಚಗಿತ್ತು.

ಆ ರಾತ್ರಿ ಯಾರಿಗೂ ಹೇಳದೆ ಲಾಯದ ಮೂಲೆಯಲ್ಲಿ ಹೊಟ್ಟಿನ ಚೀಲಗಳ ಮೇಲೆ ಹೋಗಿ ಕೂತೆ. ಬಲ್ಬು ಉರಿಯುತ್ತಿತ್ತು. ಕತ್ತಲಿದ್ದರೆ ಏನೋ ನೆರಳು ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಬೆಳಕಿತ್ತು, ಅದೇ ತೊಂದರೆ.

ಯಾರ್ಡಿನ ಲಾರಿಗಳ ಸದ್ದು ನಿಂತಿತು. ತೂಕಡಿಕೆ ಬರುವಷ್ಟರಲ್ಲಿ ಮೂಗಿಗೆ ಆ ವಾಸನೆ ಬಂತು... ಒದ್ದೆ ಕೂದಲು, ರಕ್ತ, ಬೆಚ್ಚಗಿನ ಪೊರೆ. ಆ ರಾತ್ರಿಯದೇ ವಾಸನೆ.

ಆಮೇಲೆ ಕಲ್ಲುಹಾಸಿನ ಮೇಲೆ ಸದ್ದು. ಟಕ್... ಟಕ್... ಸರ್ರ್... ಟಕ್.

ಹಂಸಿ ಗಂಟಲೊಳಗೇ ಗುರುಗುಟ್ಟಿದಳು. ಅದು ಸಿಟ್ಟಿನ ದನಿಯಲ್ಲ. ಹೆತ್ತ ಕುದುರೆ ಹಸುಳೆ ಮರಿಯ ಹತ್ತಿರ ಮಾತ್ರ ಆಡುವ ದನಿ ಅದು. ಹಿಂಗಾಲು ಒಂದಿಷ್ಟು ಅಗಲಿಸಿ ಜಾಗ ಮಾಡಿ ನಿಂತಳು. ಕೆಚ್ಚಲು ಅಲುಗಿತು. ತಾನಾಗಿ ಅಲುಗಿತು. ಚುಯ್... ಚುಯ್... ಅಂತ ಹೀರುವ ಸದ್ದು. ಅಲ್ಲಿ ಏನೂ ಇರಲಿಲ್ಲ, ಬೆಳಕು ಸುರಿಯುತ್ತಿತ್ತು, ಏನೂ ಇರಲಿಲ್ಲ. ಹಂಸಿ ಕತ್ತು ತಿರುಗಿಸಿ ಆ ಏನೂ ಇಲ್ಲದ ಜಾಗವನ್ನು ನೆಕ್ಕುತ್ತಿದ್ದಳು.

ನಾನು ಗೋಡೆಗೆ ಒತ್ತಿಕೊಂಡೆ. ಚೀಲ ಸರಿದು ಸದ್ದಾಯಿತು, ಹೀರುವುದು ನಿಂತಿತು. ಹುಲ್ಲು ಒತ್ತಿಹೋಗುತ್ತ ಒತ್ತಿಹೋಗುತ್ತ ಅದು ನನ್ನ ಕಡೆಗೇ ಬಂತು. ಟಕ್... ಟಕ್... ಸರ್ರ್... ನನ್ನ ಮೊಣಕಾಲಿನ ಮೇಲಿದ್ದ ಅಂಗೈಗೆ ಬಿಸಿ ಉಸಿರು ತಾಗಿತು. ಹಾಲಿನ ವಾಸನೆಯ ಉಸಿರು. ಹಂಸಿ ಮೆಲ್ಲಗೆ ಕರೆದಳು. ಅದು ತಿರುಗಿ ಅವಳ ಕಡೆ ಹೋಯಿತು.

ಹೊರಗೆ ಬಂದವಳೇ ಕಟ್ಟೆಯ ಮೇಲೆ ಮಾವನ ಹೊರಸಿನ ಪಕ್ಕ ಕುಸಿದು ಕೂತೆ. ಅವರಿಗೂ ನಿದ್ದೆ ಇರಲಿಲ್ಲ. ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ರುಮಾಲು ಸುತ್ತಿಕೊಂಡರು. ಆ ರಾತ್ರಿಯ ನಂತರ ಮೊದಲ ಸಲ ಲಾಯದ ಹೊಸ್ತಿಲ ತನಕ ಬಂದು, ಕಣ್ಣು ಮುಚ್ಚಿ, ಕಿವಿಗೊಟ್ಟು ನಿಂತರು. ಟಾಂಗಾ ಹೊಡೆದವರ ಕಿವಿ ಅದು.

"ಎಡ ಮುಂಗಾಲ ಎಳೀತೈತಿ ಗಂಗವ್ವಾ" ಅಂದರು ಪಿಸುದನಿಯಲ್ಲಿ. "ಮಡಚಿದ್ದಲ್ಲ... ನೋವೈತಿ ಅದಕ್ಕ."

ಮರುದಿನ ಮಾವ ಔಡಲೆಣ್ಣೆ ಬಿಸಿ ಮಾಡಿಸಿಕೊಂಡರು. ರಾತ್ರಿ ಹಂಸಿಯ ಎಡಮಗ್ಗುಲಿಗೆ ಕೂತು, ಕೈಗೆ ಎಣ್ಣೆ ಹಚ್ಚಿಕೊಂಡು, ಗಾಳಿಯಲ್ಲಿ ಮೇಲಿಂದ ಕೆಳಕ್ಕೆ ನೀವತೊಡಗಿದರು. "ತಪ್ಪಾತಪ್ಪಾ... ತಪ್ಪಾತು..." ಅನ್ನುತ್ತಿದ್ದರು. ನನಗೆ ನಿಂತು ನೋಡಲಾಗಲಿಲ್ಲ. ಅಡುಗೆಮನೆಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಹಂಸಿಗಾಗಿ ಅತ್ತೆನೋ ಮಾವನಿಗಾಗಿ ಅತ್ತೆನೋ ನನಗೆ ಗೊತ್ತಿಲ್ಲ. ಬೆಳಗ್ಗೆ ಮಾವ ತಾಟಿನ ಮುಂದೆ ಕೂತರು. "ಪಲ್ಯಾಕ ಉಪ್ಪ ಹೆಚ್ಚಾಗೇತಿ" ಅಂದರು. ನನಗೆ ಹಬ್ಬವಾದಂತಾಯಿತು.

ದಿನಾ ಹಾಗೇ ನಡೆಯಿತು. ಬಟ್ಟಲಿನ ಎಣ್ಣೆ ಖಾಲಿಯಾಗುತ್ತಿತ್ತು, ಮಾವನ ಕೈ ಮಾತ್ರ ಒಣಗಿಯೇ ಇರುತ್ತಿತ್ತು.

ನಮ್ಮ ಮನೆಯವರು ಇದನ್ನೆಲ್ಲ ನಂಬಲಿಲ್ಲ. "ಇಬ್ಬರಿಗೂ ತಲಿ ಕೆಟ್ಟೈತಿ" ಅಂದರು. ಹಂಸಿ ಚೇತರಿಸಿಕೊಂಡ ಮೇಲೆ ಗೋಕುಲ ರಸ್ತೆಯ ಒಂದು ಮದುವೆಗೆ ಕರೆದುಕೊಂಡು ಹೋದರು. ತಡವಾಗಿ ಬಂದರು. ಹಲಗೆ, ಬ್ಯಾಂಡು ಎಷ್ಟು ಬಡಿದರೂ ಹಂಸಿ ಕಾಲೆತ್ತಲಿಲ್ಲವಂತೆ. ದಾರಿಯುದ್ದಕ್ಕೂ ಎಡಗಡೆ ಒಂದು ಮೊಳ ಜಾಗ ಬಿಟ್ಟು, ಅಲ್ಲಿಗೆ ಬಂದವರನ್ನು ತಲೆಯಿಂದ ನೂಕುತ್ತ, ಹೆಜ್ಜೆ ನೋಡಿ ನೋಡಿ ಇಟ್ಟಳಂತೆ. ಕುಣಿದರೆ ಕಾಲಡಿಯಲ್ಲಿ ಏನೋ ಸಿಕ್ಕೀತು ಅನ್ನುವ ಹಾಗೆ. ಮಲಗುವ ಮುಂಚೆ ಕೇಳಿದರು, "ಏ, ಲಾಯದಾಗ ಅದಕ್ಕ ಸಣ್ಣ ಬಕೀಟಿನ್ಯಾಗ ನೀರ ಇಟ್ಟಿಯೇನ?"

ತಿಂಗಳುಗಳು ಕಳೆದವು. ಹಾಲು ನಿಲ್ಲಲಿಲ್ಲ. ಕುಡಿಯುವ ಮರಿ ಇಲ್ಲದೆ ಇಷ್ಟು ದಿನ ಹಾಲು ಹೇಗೆ ಅಂತ ಡಾಕ್ಟರಿಗೂ ಅರ್ಥವಾಗಲಿಲ್ಲ. ನಾವು ಬಾಯಿ ಬಿಡಲಿಲ್ಲ. ಆದರೆ ಹಂಸಿ ಸೊರಗತೊಡಗಿದಳು. ಎಷ್ಟು ತಿನ್ನಿಸಿದರೂ ಮೈಗೆ ಹತ್ತುತ್ತಿರಲಿಲ್ಲ, ಪಕ್ಕೆಲುಬು ಎದ್ದು ಕಾಣುತ್ತಿದ್ದವು. ಹೀಗೇ ಬಿಟ್ಟರೆ ತಾಯಿ ಉಳಿಯುವುದಿಲ್ಲ ಅಂತ ನಮ್ಮೆಲ್ಲರಿಗೂ ಗೊತ್ತಿತ್ತು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕೊನೆಗೆ ಮಾವನೇ ಹೇಳಿದರು. "ಹಾಲು ಬಿಡಸೂ ಹೊತ್ತಾತು. ಕಣ್ಣಮುಂದ ಇದ್ರ ಅಕಿನೂ ಬಿಡೂದಿಲ್ಲ, ಅದೂ ಬಿಡೂದಿಲ್ಲ. ದನಿ ಕೇಳಸದಷ್ಟ ದೂರ ಒಯ್ದು ಬಿಡಬೇಕು." ಎಲ್ಲ ಮರಿಗಳಿಗೂ ನಾವು ಮಾಡುವುದು ಅದನ್ನೇ. ಒಂದು ದಿನ ಮರಿಯನ್ನು ಬೇರೆಯವರ ಲಾಯಕ್ಕೆ ಒಯ್ಯುತ್ತೇವೆ, ತಾಯಿ ಒಂದೆರಡು ರಾತ್ರಿ ಕೂಗಿ ಸುಮ್ಮನಾಗುತ್ತಾಳೆ.

ಆ ರಾತ್ರಿ ಮಾವ ಒಗೆದ ಧೋತರ ಉಟ್ಟರು. ಗೂಟದಲ್ಲಿದ್ದ ಕೆಂಪು-ಬಿಳಿ ಹಗ್ಗ ತೆಗೆದುಕೊಂಡರು. ಹೆಣೆದಿಟ್ಟ ಮೇಲೆ ಅದನ್ನು ಯಾರೂ ಬಳಸಿರಲಿಲ್ಲ. ಹಂಸಿಯ ಹಣೆ ಸವರಿ ಏನೋ ಹೇಳಿದರು. ಬಗ್ಗಿ ಕುಣಿಕೆ ಹಾಕಿದಂತೆ ಮಾಡಿ, ಹಗ್ಗದ ತುದಿ ಹಿಡಿದು ಹೊರಗೆ ನಡೆದರು.

ಇದನ್ನಂತೂ ನಾನು ಕಣ್ಣಾರೆ ನೋಡಿದ್ದೇನೆ. ಬೀದಿದೀಪದ ಕೆಳಗೆ ಹಗ್ಗದ ಕುಣಿಕೆ ನೆಲಕ್ಕೆ ಬಿದ್ದಿರಲಿಲ್ಲ. ಮಾವನ ಸೊಂಟದ ಎತ್ತರಕ್ಕೆ ದುಂಡಗೆ ನಿಂತಿತ್ತು, ಮೆಲ್ಲಗೆ ಅಲ್ಲಾಡುತ್ತ ಅವರ ಜೊತೆ ಹೋಯಿತು. ಕಾಂಕ್ರೀಟ್ ರಸ್ತೆಯ ಮೇಲೆ ಸದ್ದು... ಟಕ್ ಟಕ್ ಟಕ್ ಟಕ್. ನಾಲ್ಕೂ ಕಾಲು ಸಮ. ಎಳೆತವಿರಲಿಲ್ಲ.

"ನಾ ಬರ್ಲೇನ್ರಿ?" ಅಂತ ನಮ್ಮ ಮನೆಯವರು ಕೇಳಿದರು. ಮಾವ ತಿರುಗದೆ ಕೈಯಾಡಿಸಿ ಬೇಡ ಅಂದರು.

ಹಂಸಿ ರಾತ್ರಿಯಿಡೀ ಕೂಗಿದಳು. ಓಣಿಯವರೆಲ್ಲ ಎದ್ದು ಬಂದರು. ಹೊಟ್ಟೆ ನೋವು ಅಂತ ಸುಳ್ಳು ಹೇಳಿ ಕಳಿಸಿದೆ. ನಮ್ಮ ಮನೆಯವರು ಅವಳ ಕತ್ತು ತಬ್ಬಿಕೊಂಡು ನಿಂತೇ ಬೆಳಗು ಮಾಡಿದರು.

ಬೆಳಕು ಹರಿದ ಮೇಲೆ ಮಾವ ಬಂದರು. ಹೆಗಲ ಮೇಲೆ ಹಗ್ಗವಿತ್ತು. ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ನಾನು ತಡೆಯಲಾರದೆ ಕೇಳಿದೆ.

"ಎಲ್ಲಿ ಬಿಟ್ಟ ಬಂದ್ರಿ ಮಾವಾರ?"

"ಬೈಪಾಸ್ ದಾಟಿ ಹೊಂಟಿದ್ದೆ. ಎಲ್ಲಿಗೆ ಒಯ್ಲಿ ಅಂತ ನನಗೂ ಗೊತ್ತಿರಲಿಲ್ಲ. ಎದುರಿಗೆ ಬಂದು ನಿಂತು ಕೈ ಚಾಚಿದ್ರು."

"ಯಾರ್ರಿ?"

ಮಾವ ಲೋಟ ಕೆಳಗಿಟ್ಟರು. "ಅವರ ಮಾರಿ ನೋಡ್ಲಿಲ್ಲ ನಾ. ತಮ್ಮ ಹಗ್ಗ ತಾವು ತಂದಿದ್ರವ್ವಾ."

ಅಷ್ಟೇ. ಅದರ ಮೇಲೆ ಒಂದು ಮಾತೂ ಆಡಲಿಲ್ಲ. ಈಗಲೂ ಆಡುವುದಿಲ್ಲ. ಹೊರಸು ಮತ್ತೆ ಲಾಯಕ್ಕೆ ಹೋಗಿದೆ, ರೊಟ್ಟಿಯ ಮೊದಲ ತುಂಡು ಹಂಸಿಗೆ ಹೋಗುತ್ತದೆ. ಅವಳ ಹಾಲು ಬತ್ತಿತು, ಮೈ ತುಂಬಿಕೊಂಡಿತು. ಮೆರವಣಿಗೆಗೆ ಹೋಗುತ್ತಾಳೆ, ಆದರೆ ಕುಣಿಯುವುದಿಲ್ಲ, ನಡೆಯುತ್ತಾಳೆ. ಆ ಹಲಗೆಯನ್ನು ಮಾವ ಯಾರಿಗೋ ಕೊಟ್ಟುಬಿಟ್ಟರು.

ಹಗ್ಗ ಗೂಟದಲ್ಲಿದೆ. ಅದರ ಒಂದು ತುದಿ ಜಗಿದು ಜಗಿದು ಎಳೆ ಬಿಚ್ಚಿದೆ. ಹಲ್ಲು ಮೂಡುವ ಮರಿಗಳು ಹಾಗೆ ಜಗಿಯುತ್ತವೆ. ಅದನ್ನು ಮುಟ್ಟಿದಾಗ ನನ್ನ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ನನ್ನ ನಿದ್ದೆ ಕೆಡಿಸುವುದು ಅದಲ್ಲ. ರಾತ್ರಿ ಎಚ್ಚರವಾದರೆ ಬೈಪಾಸಿನ ಕಡೆ ಕಿವಿ ಇಟ್ಟುಕೊಂಡು ಮಲಗುತ್ತೇನೆ. ಆ ಕೈ ಚಾಚಿದವರು ಯಾರು? ನಮ್ಮ ಮರಿ ಅಲ್ಲಿ ಕರೆದರೆ ಓ ಅನ್ನುವವರು ಇದ್ದಾರೋ ಇಲ್ಲವೋ? ಎಡಗಾಲು ಮತ್ತೆ ನೊಂದರೆ ಎಣ್ಣೆ ಹಚ್ಚಬೇಕು ಅಂತ ಮಾವ ಅವರಿಗೆ ಹೇಳಿ ಬಂದರೋ ಇಲ್ಲವೋ... ಅದನ್ನಾದರೂ ಕೇಳಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ.